ಅಂಚಿನ ಬರಹಕ್ಕೆ ಬೆಲೆ ಬಂದದ್ದು ಹೇಗೆ?

2008ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಂದು ಲ್ಯಾಟಿನ್ ಪುಸ್ತಕ 22 ಲಕ್ಷ ಡಾಲರಿಗೆ ಹೋಯಿತು. ಕೋಪರ್ನಿಕಸ್ ಬರೆದ ‘ಡಿ ರೆವಲ್ಯೂಷನಿಬಸ್’ನ ಮೊದಲ ಮುದ್ರಣ ಅದು. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದ ಪುಸ್ತಕ. 1543ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಅದೇ ವರ್ಷ ಕೋಪರ್ನಿಕಸ್ ತೀರಿಕೊಂಡ.

ಹಿಂದೆಲ್ಲ ಇಂಥ ಪುಸ್ತಕ ಕೂಡಿಡುವವರಿಗೆ ಹಾಳೆ ಚೊಕ್ಕಟವಾಗಿರಬೇಕಿತ್ತು. ಅಂಚಿನಲ್ಲಿ ಯಾರೋ ಶಾಯಿಯಲ್ಲಿ ಬರೆದಿದ್ದರೆ ಅದು ಕೊಳೆ. 19ನೇ ಶತಮಾನದಲ್ಲಂತೂ ಹಾಳೆ ಬಿಚ್ಚಿ, ತೊಳೆದು, ಹಳೆಯ ಕೈಬರಹ ಅಳಿಸಿ ಮತ್ತೆ ಬೈಂಡ್ ಮಾಡಿಸುತ್ತಿದ್ದರು. ನೆನೆದರೆ ಹೊಟ್ಟೆ ಉರಿಯುತ್ತದೆ. ಏನೇನು ನೀರು ಪಾಲಾಯಿತೋ!

ಈ ಪುಸ್ತಕವನ್ನು ಯಾರೂ ಓದೇ ಇಲ್ಲ ಅಂತ ಲೇಖಕ ಆರ್ಥರ್ ಕೋಸ್ಲರ್ 1959ರಲ್ಲಿ ಬರೆದರು. 1970ರಲ್ಲಿ ಹಾರ್ವರ್ಡಿನ ಖಗೋಳ ವಿಜ್ಞಾನಿ ಓವೆನ್ ಗಿಂಗರಿಚ್ ಎಡಿನ್‌ಬರೋದಲ್ಲಿ ಒಂದು ಪ್ರತಿ ತೆರೆದು ನೋಡಿದರು. ಅಂಚಿನ ತುಂಬಾ ಟಿಪ್ಪಣಿ! ವಿಟ್ಟೆನ್‌ಬರ್ಗಿನ ಕೋಪರ್ನಿಕಸ್ ಕಾಲದ ಮೇಷ್ಟ್ರು ಎರಾಸ್ಮಸ್ ರೈನ್‌ಹೋಲ್ಡ್ ಓದಿದ ಪ್ರತಿ ಅದು. ಕೊನೆಯ ಕಷ್ಟದ ಲೆಕ್ಕಗಳನ್ನೂ ಆತ ಬಿಟ್ಟಿರಲಿಲ್ಲ.

ಅಲ್ಲಿಂದ ಗಿಂಗರಿಚ್ ಮೂವತ್ತು ವರ್ಷ ದೇಶದೇಶ ಅಲೆದರು. 1543 ಮತ್ತು 1566ರ ಮುದ್ರಣಗಳ ಸುಮಾರು 600 ಪ್ರತಿಗಳನ್ನು ಪಟ್ಟಿ ಮಾಡಿದರು. ಒಂದೇ ಟಿಪ್ಪಣಿ ಬೇರೆ ಬೇರೆ ಊರಿನ ಪ್ರತಿಗಳಲ್ಲಿ ಸಿಕ್ಕಿತು. ಶಿಷ್ಯರು ಗುರುವಿನ ಬರಹವನ್ನು ತಮ್ಮ ಪ್ರತಿಗೂ ಇಳಿಸಿಕೊಂಡಿದ್ದರು. ಯಾರು ಯಾರಿಂದ ಕಲಿತರು ಅನ್ನೋದು ಆ ಅಂಚುಗಳಲ್ಲೇ ಉಳಿದಿತ್ತು.

ಇಟಲಿಯ ಪ್ರತಿಗಳದ್ದು ಬೇರೆ ಕತೆ. ಭೂಮಿ ತಿರುಗುತ್ತದೆ ಅನ್ನೋದನ್ನು ಒಪ್ಪದ ಕ್ಯಾಥೊಲಿಕ್ ಚರ್ಚು 1620ರಲ್ಲಿ ಈ ಪುಸ್ತಕದಲ್ಲಿ ತಿದ್ದಬೇಕಾದ ಸಾಲುಗಳನ್ನು ಹೆಸರಿಸಿತು. ಒಂದು ಅಧ್ಯಾಯದ ತಲೆಬರಹ ‘ಭೂಮಿಯ ಮೂರು ಚಲನೆಗಳ ನಿರೂಪಣೆ’ ಅಂತಿತ್ತು. ಅದಕ್ಕೆ ‘ಊಹೆ’ ಅನ್ನೋ ಪದ ಸೇರಿಸಿ ಅಂದಿತು. ಜನ ಗೀಟು ಹೊಡೆದು ತಿದ್ದಿದರು. ಗೆಲಿಲಿಯೊ ಕೂಡ ತನ್ನ ಪ್ರತಿಯಲ್ಲಿ ಗೀಟು ಹೊಡೆದ, ಆದರೆ ಎಷ್ಟು ತೆಳ್ಳಗೆ ಅಂದರೆ ಅಡಿಯ ಅಕ್ಷರ ಸಲೀಸಾಗಿ ಓದಬಹುದು. ಇಟಲಿಯ ಹೊರಗೆ ಈ ಅಪ್ಪಣೆಗೆ ಕಿವಿಗೊಟ್ಟವರು ಕಡಿಮೆ.

ಈಗ ಲೆಕ್ಕಾಚಾರ ತಿರುಗಿದೆ. ಹೆಸರುವಾಸಿ ಓದುಗನ ಟಿಪ್ಪಣಿ ಇದ್ದರೆ ಬೆಲೆ ಜಾಸ್ತಿ. ಗಿಂಗರಿಚ್ ಪಟ್ಟಿಯಿಂದ ಇನ್ನೊಂದು ಉಪಕಾರವೂ ಆಗಿದೆ. ಲೈಬ್ರರಿಯಿಂದ ಕದ್ದವನು ಮೊಹರು ಕೆರೆದು ತೆಗೆಯಬಹುದು. ಆದರೆ ಯಾವ ಪುಟದಲ್ಲಿ ಯಾರ ಕೈಬರಹ ಅನ್ನೋದು ಪಟ್ಟಿಯಲ್ಲಿದೆ. ಕದ್ದ ಪ್ರತಿ ಮಾರಾಟಕ್ಕೆ ಬಂದರೆ ಯಾವ ಲೈಬ್ರರಿಯದು ಅಂತ ಅಲ್ಲೇ ಗೊತ್ತಾಗುತ್ತದೆ.