ಹೂವು ಬಿಡಿ, ಉಗುರು ನೋಡಿ

ಬ್ರಿಸ್ಬೇನ್‌ನಲ್ಲಿ ನಾವು ಬಾಡಿಗೆಗೆ ಬಂದ ಮನೆಯ ಹಿತ್ತಲ ಬೇಲಿ ತುಂಬ ಒಂದು ಬಳ್ಳಿ ಹಬ್ಬಿತ್ತು. ಸೆಪ್ಟೆಂಬರ್ ಕೊನೆಗೆ, ಅಂದರೆ ಇಲ್ಲಿನ ವಸಂತದಲ್ಲಿ, ಒಂದೇ ಸಲ ಹಳದಿ ಹೂವು ಬಿಟ್ಟು ಬೇಲಿನೇ ಮುಚ್ಚಿಹೋಯಿತು. ಖುಷಿಯಿಂದ ಊರಿಗೆಲ್ಲ ಫೋಟೊ ಕಳಿಸಿದೆ. ಪಕ್ಕದ ಮನೆಯ ಅಜ್ಜಿ ಮಾತ್ರ ಒಂದು ಎಲೆ ಕಿತ್ತು ನನ್ನ ಅಂಗೈ ಮೇಲಿಟ್ಟು, ಹೂವು ಬಿಡು, ಇದನ್ನು ನೋಡು ಅಂದರು.

ಒಂದೇ ತೊಟ್ಟಿಗೆ ಎರಡು ಎಲೆ. ಅವೆರಡರ ನಡುವೆ, ಮೂರನೇ ಎಲೆ ಇರಬೇಕಾದ ಜಾಗದಲ್ಲಿ, ಮೂರು ಪುಟ್ಟ ಕೊಕ್ಕೆ. ಗಟ್ಟಿಯಾಗಿ, ಚೂಪಾಗಿ, ಒಳಕ್ಕೆ ಬಾಗಿದ್ದವು. ಅಂಗಿಯ ತೋಳಿಗೆ ತಾಗಿಸಿದೆ, ಅಲ್ಲೇ ಕಚ್ಚಿಕೊಂಡಿತು. ಥೇಟ್ ಬೆಕ್ಕಿನ ಉಗುರು! ಹೆಸರೂ ಅದೇ, ಕ್ಯಾಟ್ಸ್ ಕ್ಲಾ ಕ್ರೀಪರ್. ಸಸ್ಯಶಾಸ್ತ್ರದ ಹೆಸರು ಡೊಲಿಕಾಂಡ್ರಾ ಉಂಗ್ವಿಸ್-ಕಾಟಿ. ಅದರಲ್ಲಿ 'ಉಂಗ್ವಿಸ್-ಕಾಟಿ' ಅನ್ನೋದು 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟಿದ್ದು, ಲ್ಯಾಟಿನ್‌ನಲ್ಲಿ ಬೆಕ್ಕಿನ ಉಗುರು ಅಂತಾನೇ ಅರ್ಥ.

ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ನಮ್ಮ ಬಂಡೀಪುರವನ್ನು ಆವರಿಸಿರುವ ಲಂಟಾನದ ಹಾಗೆ ಇದನ್ನೂ ಚಂದಕ್ಕೆ ಅಂತಲೇ ಊರೂರಿಗೆ ಒಯ್ದರು. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನದಿ ದಂಡೆಯ ಕಾಡುಗಳಲ್ಲಿ ಈಗ ಇದು ಮರದ ತುದಿಯವರೆಗೂ ಏರಿದೆ. ಎಲೆಗೆ ಬಿಸಿಲಿಲ್ಲ, ಕೊಂಬೆ ಮೇಲೆ ಹೊರಲಾರದ ಭಾರ. ದೊಡ್ಡ ಮರವೇ ಸೋತು ಬೀಳುತ್ತದೆ. ಏರೋಕೆ ಏನೂ ಸಿಗದಿದ್ದರೆ ನೆಲದ ಮೇಲೆ ಚಾಪೆ ಹಾಸಿದ ಹಾಗೆ ಹರಡುತ್ತದೆ, ಆಮೇಲೆ ಅಲ್ಲಿ ಬೇರೆ ಸಸಿ ಏಳೋದು ಕಷ್ಟ. 2012ರಲ್ಲಿ ಆಸ್ಟ್ರೇಲಿಯಾ ಇದನ್ನು ಇಡೀ ದೇಶಕ್ಕೇ ಚಿಂತೆಯಾದ ಕಳೆಗಳ ಪಟ್ಟಿಗೆ ಸೇರಿಸಿತು.

ಹೂವು ನೋಡಿ ಗುರುತಿಸೋಕೆ ಹೋದರೆ ಎಡವುತ್ತೀರಿ. ಹೂವು ಇರೋದು ವರ್ಷದಲ್ಲಿ ಸ್ವಲ್ಪ ದಿನ, ಅಲ್ವಾ? ಅಲಮಂಡಾ ಹೂವೂ ಹಳದಿ, ಕಹಳೆಯ ಆಕಾರದ್ದೇ. ಆದರೆ ಅದರ ಎಲೆ ಕಿತ್ತರೆ ಹಾಲು ಬರುತ್ತದೆ, ಕೊಕ್ಕೆ ಇರೋದಿಲ್ಲ. ಈ ಬಳ್ಳಿಯಲ್ಲೂ ದಪ್ಪಗೆ ಬಲಿತ ಕಾಂಡದಲ್ಲಿ ಹುಡುಕಿದರೆ ಉಗುರು ಕಾಣದು, ಎಳೆ ಚಿಗುರಿನಲ್ಲಿ ನೋಡಬೇಕು. ಕಾಯಿ ತೆಳ್ಳಗೆ, ಚಪ್ಪಟೆಯಾಗಿ ಅಲಸಂದೆಯಷ್ಟು ಉದ್ದ ಜೋತು ಬೀಳುತ್ತದೆ. ಒಣಗಿ ಬಿರಿದರೆ ಕಾಗದದಂಥ ರೆಕ್ಕೆಯ ಬೀಜಗಳು ಗಾಳಿಯಲ್ಲೂ ಹೊಳೆ ನೀರಿನಲ್ಲೂ ಹೊರಟುಬಿಡುತ್ತವೆ.

ಇನ್ನೂ ಒಂದು ಗುರುತು ಮಣ್ಣಿನೊಳಗಿದೆ. ಬೇಲಿ ಬುಡದಲ್ಲಿ ಬೆರಳುದ್ದದ ಸಸಿಯೊಂದನ್ನು ಸುಮ್ನೆ ಎಳೆದೆ, ಕಾಂಡ ಪಟ್ ಅಂತ ಕಿತ್ತು ಬಂತು. ಅಗೆದರೆ ಬೇರಿನಲ್ಲಿ ಸಣ್ಣ ಗೆಣಸಿನಂಥ ಗೆಡ್ಡೆ! ಮೇಲೆ ಎಷ್ಟೇ ಸವರಿದರೂ ಈ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ಅದಕ್ಕೇ ಇಲ್ಲಿ ಕೆಲಸ ಮಾಡೋರು ಬಳ್ಳಿಯನ್ನು ಮರದಿಂದ ಎಳೆಯೋದಿಲ್ಲ, ಎಳೆದರೆ ಕೊಂಬೆಯೂ ಮುರಿದು ತಲೆ ಮೇಲೆ ಬೀಳಬಹುದು. ಸೊಂಟದ ಎತ್ತರದಲ್ಲಿ ಕತ್ತರಿಸಿ, ಕೆಳಗಿನ ತುಂಡಿಗೆ ತಕ್ಷಣ ಕಳೆನಾಶಕ ಬಳಿದು, ಮೇಲಿನ ಭಾಗವನ್ನು ಮರದಲ್ಲೇ ಒಣಗೋಕೆ ಬಿಡುತ್ತಾರೆ. 2007ರಿಂದ ಇದರ ತವರಿನ ಕೀಟಗಳನ್ನೂ ಪರೀಕ್ಷೆ ಮಾಡಿ ತಂದು ಬಿಟ್ಟಿದ್ದಾರೆ. ಅವು ಎಲೆಯನ್ನು ಹಾಳುಮಾಡುತ್ತವೆ, ಬಳ್ಳಿಯ ಶಕ್ತಿ ಕುಂದುತ್ತದೆ. ಆದರೆ ನೆಲದೊಳಗಿನ ಗೆಡ್ಡೆಯನ್ನು ಕೈಯಿಂದಲೇ ಅಗೆಯಬೇಕು, ವರ್ಷಗಟ್ಟಲೆ.

ಮೊನ್ನೆ ಬೆಂಗಳೂರಿಂದ ಅಕ್ಕ ಒಂದು ಫೋಟೊ ಕಳಿಸಿದ್ದಳು, ಕಾಂಪೌಂಡ್ ಮೇಲೆಲ್ಲ ಹಳದಿ ಹೂವು. ಎಳೆ ಚಿಗುರು ಹತ್ತಿರದಿಂದ ತೋರಿಸು ಅಂದೆ. ವಿಡಿಯೊ ಕಾಲ್‌ನಲ್ಲಿ ಮೂರೂ ಕೊಕ್ಕೆ ಸ್ಪಷ್ಟವಾಗಿ ಕಂಡವು. ಕಾಯಿ ಒಣಗೋ ಮೊದಲು ಕೊಯ್ದುಬಿಡು, ಯಾರು ಕೇಳಿದರೂ ಕಡ್ಡಿ ಕೊಡಬೇಡ ಅಂದೆ. ಎದುರು ಮನೆಯವರಿಗೆ ಆಗಲೇ ಎರಡು ಕೊಟ್ಟಿದ್ದಳಂತೆ, ವಾಪಸ್ ಕೇಳೋಕೆ ಹೋದಳು.