ಉ ಕ್ಯಾವ್ ಮಿನ್: 1990ರಲ್ಲಿ ಎಂಪಿ, 2015ರಲ್ಲಿ ನಿಲ್ಲೋಕೂ ಬಿಡಲಿಲ್ಲ

ಬರ್ಮಾದ, ಅಂದ್ರೆ ಈಗಿನ ಮ್ಯಾನ್ಮಾರ್‌ನ, ರೋಹಿಂಗ್ಯಾ ಮುಸ್ಲಿಮರು ಅಂದ ತಕ್ಷಣ ನಮ್ಮ ಕಣ್ಮುಂದೆ ಬರೋದು ಎರಡೇ, ಒಂದು ತುಂಬಿದ ದೋಣಿ, ಇನ್ನೊಂದು ಟಾರ್ಪಾಲ್ ಗುಡಿಸಲು. ಚುನಾವಣೆಗೆ ನಿಂತು ಗೆದ್ದೋರೂ ಅವರಲ್ಲಿ ಇದ್ರು ಅಂದ್ರೆ ಜನ ನಂಬಲ್ಲ. ಉ ಕ್ಯಾವ್ ಮಿನ್ ಅಂಥವರಲ್ಲಿ ಒಬ್ರು.

ಮೊದಲು ಹೆಸರಿನ ವಿಷಯ ಹೇಳ್ಬಿಡ್ತೀನಿ. ‘ಉ’ ಅನ್ನೋದು ಇನಿಷಿಯಲ್ ಅಲ್ಲ, ನಾವು ‘ರಾಯರು’ ಅಂತ ಸೇರಿಸಲ್ವ, ಹಾಗೆ ಹಿರಿಯರಿಗೆ ಕೊಡೋ ಮರ್ಯಾದೆ. ಬರ್ಮಾದಲ್ಲಿ ಮನೆತನದ ಹೆಸರು ಇಟ್ಕೊಳೋ ಪದ್ಧತಿ ಇಲ್ಲ, ಹಂಗಾಗಿ ಅಪ್ಪ ಕ್ಯಾವ್ ಮಿನ್, ಮಗಳು ವಾಯ್ ವಾಯ್ ನು. ಕ್ಯಾವ್ ಮಿನ್ ಅವರಿಗೆ ಇನ್ನೊಂದು ಹೆಸರೂ ಇದೆ, ಶಂಸುಲ್ ಅನ್ವರುಲ್ ಹಕ್. ರೋಹಿಂಗ್ಯಾಗಳಲ್ಲಿ ಇದು ಮಾಮೂಲು, ಸ್ಕೂಲಿಗೆ ಆಫೀಸಿಗೆ ಬರ್ಮೀಸ್ ಹೆಸರು, ಮನೇಲಿ ಮುಸ್ಲಿಂ ಹೆಸರು.

ಹಳೇ ಕಥೆ ಬೇಗ ಮುಗಿಸ್ತೀನಿ. ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನ್, ಅಂದ್ರೆ ಈಗಿನ ರಖೈನ್, ಅಲ್ಲಿ ರಾಜರ ಕಾಲದಿಂದಲೂ ಮುಸ್ಲಿಮರಿದ್ರು, ಬ್ರಿಟಿಷರ ಕಾಲದಲ್ಲಿ ಚಿತ್ತಗಾಂಗ್ ಕಡೆಯಿಂದ ಇನ್ನಷ್ಟು ಜನ ಬಂದ್ರು, ಎರಡೂ ನಿಜ, ಜಗಳ ಇರೋದೇ ಇದರಲ್ಲಿ ಯಾವುದನ್ನ ಮಾತ್ರ ಹೇಳ್ಬೇಕು ಅನ್ನೋದ್ರಲ್ಲಿ. 1948ರಲ್ಲಿ ಸ್ವಾತಂತ್ರ್ಯ, 60ರ ದಶಕದ ಶುರುವಲ್ಲಿ ಸರ್ಕಾರಿ ರೇಡಿಯೋದಲ್ಲೇ ರೋಹಿಂಗ್ಯಾ ಭಾಷೆ ಕಾರ್ಯಕ್ರಮ ಬರ್ತಿತ್ತು, 1962ರಲ್ಲಿ ಸೈನ್ಯ ಅಧಿಕಾರ ಹಿಡಿತು, 1978ರಲ್ಲಿ ‘ನಾಗಾ ಮಿನ್’ ಅನ್ನೋ ತಪಾಸಣೆ ಕಾರ್ಯಾಚರಣೆಗೆ ಹೆದರಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾಕ್ಕೆ ಓಡಿದ್ರು. ಆಮೇಲೆ 1982ರ ಪೌರತ್ವ ಕಾಯ್ದೆ. 1823ಕ್ಕೆ ಮುಂಚೆಯಿಂದ, ಅಂದ್ರೆ ಬ್ರಿಟಿಷರು ಬರೋಕೆ ಮುಂಚೆಯಿಂದ, ಇದ್ದ ಜನಾಂಗಗಳಿಗೆ ಪೂರ್ತಿ ಪೌರತ್ವ ಅಂತ ಅದರಲ್ಲಿತ್ತು, ಸರ್ಕಾರ ಒಪ್ಪೋ 135 ಜನಾಂಗಗಳ ಲಿಸ್ಟಲ್ಲಿ ರೋಹಿಂಗ್ಯಾ ಇಲ್ಲ.

ಇಲ್ಲೊಂದು ವಿಷಯ ಗಮನಿಸಿ. ಕಾಯ್ದೆ ಬಂದಿದ್ದು 1982ರಲ್ಲಿ. 1990ರ ಮೇ 27ರಂದು ಚುನಾವಣೆ ಆದಾಗ ಅದೇ ಕಾಯ್ದೆ ಜಾರಿಯಲ್ಲೇ ಇತ್ತು. ಆದ್ರೂ ರೋಹಿಂಗ್ಯಾಗಳು ವೋಟು ಹಾಕಿದ್ರು, ತಮ್ಮದೇ ಪಕ್ಷ ಕಟ್ಟಿ ರಖೈನ್‌ನ ಬುಥಿಡಾಂಗ್ ಮತ್ತೆ ಮಾಂಗ್ಡಾ ತಾಲ್ಲೂಕುಗಳ ನಾಲ್ಕೂ ಸೀಟು ಗೆದ್ರು. ಮೇಷ್ಟ್ರಾಗಿದ್ದ ಕ್ಯಾವ್ ಮಿನ್ ಬುಥಿಡಾಂಗಿನಿಂದ ಗೆದ್ರು. ಅವರು ಯಾವ ದೇಶದವರು ಅಂತ ಆಗ ಯಾರೂ ತಕರಾರು ಎತ್ತಲಿಲ್ಲ. ಇಡೀ ದೇಶದಲ್ಲಿ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಚಿ ಅವರ ಪಕ್ಷ 392 ಸೀಟು ಗೆದ್ದಿತ್ತು, ಸೈನ್ಯ ಪಾರ್ಲಿಮೆಂಟೇ ಕರೀಲಿಲ್ಲ. ಹಂಗಾಗಿ ಗೆದ್ದೋರೆಲ್ಲ ಹೆಸರಿಗಷ್ಟೇ ಎಂಪಿಗಳು. 1992ರಲ್ಲಿ ಕ್ಯಾವ್ ಮಿನ್ ಅವರ ಪಕ್ಷ ಬ್ಯಾನ್ ಆಯ್ತು. 1998ರಲ್ಲಿ ಸೂ ಚಿ ಅವರ ಪಕ್ಷ, ಗೆದ್ದವರ ಪರವಾಗಿ ‘ಜನರ ಪಾರ್ಲಿಮೆಂಟಿನ ಕಮಿಟಿ’ ಮಾಡಿದಾಗ ಇವರೂ ಅದಕ್ಕೆ ಸೇರಿದ್ರು.

2005ರ ಮಾರ್ಚಲ್ಲಿ ಅರೆಸ್ಟ್. ಪೌರತ್ವ ಕಾಯ್ದೆ ಉಲ್ಲಂಘನೆ ಅನ್ನೋದು ಕೇಸು, ಶಿಕ್ಷೆ 47 ವರ್ಷ. ಹೆಂಡತಿ, ಮೂರು ಮಕ್ಕಳಿಗೆ ತಲಾ 17 ವರ್ಷ. ಲಾ ಓದ್ತಿದ್ದ ವಾಯ್ ವಾಯ್‌ಗೆ ಆಗ 18. ಕೂಡಿಸಿ ನೋಡಿ, ಒಂದೇ ಮನೆಗೆ 115 ವರ್ಷ. ಏಳು ವರ್ಷ ಜೈಲಲ್ಲಿ ಕಳೆದ ಮೇಲೆ 2012ರ ಜನವರಿಯ ಕ್ಷಮಾದಾನದಲ್ಲಿ ಎಲ್ರೂ ಹೊರಗೆ ಬಂದ್ರು. ಐದೇ ತಿಂಗಳಿಗೆ, ಜೂನಲ್ಲಿ, ರಖೈನ್ ಹೊತ್ತಿ ಉರೀತು, ಆ ವರ್ಷ ಬೌದ್ಧರು ಮುಸ್ಲಿಮರ ನಡುವೆ ನಡೆದ ಗಲಭೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕ್ಯಾಂಪ್ ಸೇರಿದ್ರು. ಮಗಳು ಹೆಣ್ಮಕ್ಕಳ ಸಂಘಟನೆ ಶುರು ಮಾಡಿದ್ರು, ಅಪ್ಪ ಹೊಸ ಪಕ್ಷದ ಅಧ್ಯಕ್ಷರಾದ್ರು.

ಈಗ ಕಾರ್ಡಿನ ಕಥೆ, ನನ್ನ ಪ್ರಕಾರ ಇಡೀ ಗೋಜಲಿನ ಗಂಟು ಇರೋದು ಇಲ್ಲೇ. 50ರ ದಶಕದಿಂದ ಎಲ್ಲರಿಗೂ ಕೊಟ್ಟಿದ್ದ ರಾಷ್ಟ್ರೀಯ ನೋಂದಣಿ ಕಾರ್ಡನ್ನ 1989ರಿಂದ ವಾಪಸ್ ತಗೊಂಡು ಹೊಸ ಕಾರ್ಡ್ ಕೊಡೋಕೆ ಶುರು ಮಾಡಿದ್ರು. ಪೂರ್ತಿ ಪೌರರಿಗೆ ಗುಲಾಬಿ, ಅದಕ್ಕಿಂತ ಕೆಳಗಿನ ದರ್ಜೆಗಳಿಗೆ ನೀಲಿ, ಹಸಿರು. ಹಳೇ ಕಾರ್ಡ್ ಒಪ್ಪಿಸಿದ ಎಷ್ಟೋ ರೋಹಿಂಗ್ಯಾಗಳಿಗೆ ಬದಲಿ ಕಾರ್ಡ್ ಬರಲೇ ಇಲ್ಲ. 1995ರಿಂದ ಬಿಳಿ ಕಾರ್ಡ್ ಬಂತು, ತಾತ್ಕಾಲಿಕದ್ದು, ಪೌರತ್ವಕ್ಕೆ ಪುರಾವೆ ಅಲ್ಲ. ಪುರಾವೆ ಅಲ್ಲದ ಆ ಕಾರ್ಡ್ ಇಟ್ಕೊಂಡೇ 2010ರಲ್ಲಿ ವೋಟ್ ಹಾಕಿಸಿದ್ರು, ಸೈನ್ಯದ ಬೆಂಬಲದ ಪಕ್ಷದಿಂದ ಶ್ವೇ ಮಾಂಗ್ ಅನ್ನೋ ರೋಹಿಂಗ್ಯಾ ಗೆದ್ದು ಪಾರ್ಲಿಮೆಂಟಲ್ಲಿ ಕೂತೂ ಬಂದ್ರು. 2015ರ ಫೆಬ್ರವರಿಯಲ್ಲಿ ಬಿಳಿ ಕಾರ್ಡಿನೋರಿಗೆ ವೋಟು ಕೊಡಬಾರದು ಅಂತ ರಸ್ತೆಗಿಳಿದು ಪ್ರತಿಭಟನೆ ನಡೀತು, ಬಿಳಿ ಕಾರ್ಡ್ ಮಾರ್ಚ್ 31ಕ್ಕೆ ರದ್ದು. ಒಪ್ಪಿಸಿದವರಿಗೆ ಸಿಕ್ಕಿದ್ದು ಒಂದು ರಸೀದಿ. ರೇಷನ್ ಕಾರ್ಡ್ ತಿದ್ದುಪಡಿಗೆ ನಾಲ್ಕು ಸಲ ಆಫೀಸಿಗೆ ಅಲೆದೋರಿಗೆ ರಸೀದಿ ಬೆಲೆ ಎಷ್ಟು ಅಂತ ಗೊತ್ತಿರುತ್ತೆ ಬಿಡಿ.

ಅದೇ ವರ್ಷ ಕ್ಯಾವ್ ಮಿನ್ ನಾಮಿನೇಷನ್ ಹಾಕಿದ್ರು. ತಿರಸ್ಕಾರ. ಕಾರಣ, ನೀವು ಹುಟ್ಟಿದಾಗ ನಿಮ್ಮ ಅಪ್ಪ ಅಮ್ಮ ಪೌರರಾಗಿರಲಿಲ್ಲ. ಅವರ ಪಕ್ಷದಿಂದ ನಿಂತಿದ್ದ ಬಹುತೇಕರಿಗೆ ಇದೇ ಗತಿ, ಸಿಟ್ಟಿಂಗ್ ಎಂಪಿ ಶ್ವೇ ಮಾಂಗ್‌ಗೂ ಇದೇ ಉತ್ತರ, ಅವರಪ್ಪ ಪೊಲೀಸ್ ಅಧಿಕಾರಿಯಾಗಿದ್ರೂ. 1937ರ ತನಕ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ ಅಷ್ಟೇ, ಆಗ ಹುಟ್ಟಿದ ಅಪ್ಪ ಅಮ್ಮಂದಿರ ಪೌರತ್ವಕ್ಕೆ ಮಕ್ಕಳು ಎಲ್ಲಿಂದ ಕಾಗದ ತರೋದು? ಸೂ ಚಿ ಅವರ ಪಕ್ಷವೂ ಆ ಸಲ ಸಾವಿರಕ್ಕೂ ಹೆಚ್ಚು ಜನಕ್ಕೆ ಟಿಕೆಟ್ ಕೊಡ್ತು, ಒಬ್ಬ ಮುಸ್ಲಿಮನೂ ಅದರಲ್ಲಿರಲಿಲ್ಲ. ಒತ್ತಡ ಇತ್ತು, ಲೆಕ್ಕಾಚಾರ ಇತ್ತು, ಅದೆಲ್ಲ ಅರ್ಥ ಆಗುತ್ತೆ. ಒಂದು ಕಾಲದಲ್ಲಿ ಒಂದೇ ಕಮಿಟೀಲಿದ್ದೋರು ಅನ್ನೋದೂ ನೆನಪಾಗುತ್ತೆ.

2017ರದ್ದು ಎಲ್ರಿಗೂ ಗೊತ್ತು. ಆಗಸ್ಟ್ 25ರಂದು ರೋಹಿಂಗ್ಯಾ ಸಶಸ್ತ್ರ ಗುಂಪೊಂದು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡ್ತು, ಅದಕ್ಕೆ ಉತ್ತರವಾಗಿ ನಡೆದ ಸೇನಾ ಕಾರ್ಯಾಚರಣೆಗೆ ಏಳು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿದ್ರು. ಬಾಂಗ್ಲಾದ ಕಾಕ್ಸ್ ಬಜಾರ್ ಕ್ಯಾಂಪಲ್ಲಿ ಹಳೇ ಕಾರ್ಡು, ಮನೆಯವರ ಪಟ್ಟಿ ಎಲ್ಲಾ ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಟ್ಕೊಂಡೋರಿದಾರೆ. ಅಲ್ಲೂ ಹೊಸ ಕಾರ್ಡ್ ಬಂತು, ಅದರಲ್ಲಿ ರೋಹಿಂಗ್ಯಾ ಅನ್ನೋ ಪದ ಇಲ್ಲ ಅಂತ 2018ರ ನವೆಂಬರಲ್ಲಿ ಕ್ಯಾಂಪಿನೋರು ಮುಷ್ಕರ ಮಾಡಿದ್ರು.

2020ರ ಚುನಾವಣೆಗೂ ರೋಹಿಂಗ್ಯಾ ಪಕ್ಷಗಳು ಅರ್ಜಿ ಹಾಕಿದ್ವು, ಮತ್ತೆ ಅದೇ ಅಪ್ಪ ಅಮ್ಮನ ಪೌರತ್ವ, ಮತ್ತೆ ತಿರಸ್ಕಾರ. ಗೆದ್ದೋರೂ ಒಳಗೆ ಹೋಗಲಿಲ್ಲ. 2021ರ ಫೆಬ್ರವರಿ 1, ಅಧಿವೇಶನ ಶುರುವಾಗ್ಬೇಕಿದ್ದ ದಿನವೇ ಸೈನ್ಯ ಅಧಿಕಾರ ಕಿತ್ಕೊಳ್ತು. ಗೆದ್ದವರೆಲ್ಲ ಸೇರಿ ಒಂದು ಕಮಿಟಿ ಮಾಡ್ಕೊಂಡ್ರು, 1998ರಲ್ಲಿ ಮಾಡಿದ್ರಲ್ಲ, ಅಂಥದ್ದೇ. ಈ ಸಲ ಅದರಲ್ಲಿ ಬುಥಿಡಾಂಗಿನ ರೋಹಿಂಗ್ಯಾ ಯಾರೂ ಇರಲಿಲ್ಲ, ಗೆಲ್ಲೋದಿರಲಿ, ಅವರನ್ನ ನಿಲ್ಲೋಕೇ ಬಿಟ್ಟಿರಲಿಲ್ವಲ್ಲ.