ರಾತ್ರಿ ಪಾಳಿ ಮತ್ತು ತಲೆಯೊಳಗಿನ ಗಡಿಯಾರ

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆಗಳು ಹಗಲು ರಾತ್ರಿ ಓಡುತ್ತವೆ. ಕೆಲಸಗಾರರ ಪಾಳಿ ಬದಲಾಗುತ್ತಲೇ ಇರುತ್ತದೆ. ಬೈಪೋಲಾರ್ ಕಾಯಿಲೆ (ಮನಸ್ಸು ಕೆಲವೊಮ್ಮೆ ವಿಪರೀತ ಉಬ್ಬಿ ಉನ್ಮಾದಕ್ಕೇರುವುದು, ಕೆಲವೊಮ್ಮೆ ತೀರಾ ಕುಗ್ಗುವುದು) ಇರುವವರೊಬ್ಬರು ನಿದ್ದೆಗೆಟ್ಟು ವಿಪರೀತ ಮಾತಾಡತೊಡಗಿದರೆ ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಸಾಹೇಬರು 'ಮನಸ್ಸು ಗಟ್ಟಿ ಮಾಡ್ಕೊ' ಅನ್ನುತ್ತಾರೆ. ಪಾಳಿಯ ಪಟ್ಟಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ನನಗೆ ಸಿಟ್ಟು ಬರುವುದೇ ಇದಕ್ಕೆ.

1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೈರಾನ್ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದರು. ಬಿಸಿಲು ಕಾಣದಿದ್ದರೂ ಅದರ ಎಲೆಗಳು ಹಗಲಿಗೆ ಅರಳಿ ರಾತ್ರಿಗೆ ಮುದುಡಿದವು. ಅಂದರೆ ಹೊತ್ತಿನ ಲೆಕ್ಕ ಗಿಡದೊಳಗೇ ಇತ್ತು! ಜೀವಕೋಶಗಳು ಈ ಲೆಕ್ಕ ಇಡುವ ಬಗೆಯನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ನಮ್ಮ ಗಡಿಯಾರ ಇರುವುದು ಮಿದುಳಿನ ಬುಡದಲ್ಲಿ, ಎರಡು ಕಣ್ಣಿನ ನರಗಳು ಕೂಡುವ ಜಾಗದ ಮೇಲೆ. ಸುಮಾರು 20,000 ನರಕೋಶಗಳ ಪುಟ್ಟ ಗುಂಪು ಅದು. ಅದರ ದಿನ 24 ಗಂಟೆಗಿಂತ ಚೂರು ಉದ್ದ. ಸ್ವಲ್ಪ ನಿಧಾನ ಓಡುವ ಗೋಡೆ ಗಡಿಯಾರವನ್ನು ದಿನಾ ಸರಿಮಾಡಿದಂತೆ ಬೆಳಗಿನ ಬೆಳಕು ಅದನ್ನು ಸರಿಮಾಡುತ್ತದೆ. ಆದರೆ ಒಂದು ದಿನಕ್ಕೆ ಅದು ಸರಿಯುವುದು ಹೆಚ್ಚುಕಡಿಮೆ ಒಂದು ಗಂಟೆಯಷ್ಟು. ಪಾಳಿ ಸರಿಯುವುದು ಒಮ್ಮೆಲೇ ಎಂಟು ಗಂಟೆ. ದೇಹ ಹೊಂದಿಕೊಳ್ಳುವ ಮೊದಲೇ ಪಾಳಿ ಮತ್ತೆ ಬದಲು. ಉಳಿದವರಿಗೆ ಇದು ಸುಸ್ತು, ಅಜೀರ್ಣ. ಬೈಪೋಲಾರ್ ಇದ್ದವರಿಗೆ ನಿದ್ದೆಗೇಡೇ ಉನ್ಮಾದದ ಕಿಡಿ ಆಗಬಹುದು. ಹಾಗಾಗಿ ಕಾಯಂ ಹಗಲು ಪಾಳಿ ಕೊಡುವುದು ಉಪಕಾರ ಅಲ್ಲ, ಗುಳಿಗೆಯಷ್ಟೇ ಚಿಕಿತ್ಸೆಯ ಭಾಗ.

ಗುಳಿಗೆಯ ವಿಷಯದಲ್ಲೂ ಕೆಲಸದ ಜಾಗ ಮುಖ್ಯ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಉಪಯೋಗ ಎಂದು ತೋರಿಸಿದರು. ಇಂದಿಗೂ ಅದು ಒಳ್ಳೆಯ ಔಷಧಿ. ಆದರೆ ಬೆವರಿ ನೀರಿನಂಶ ಕಡಿಮೆಯಾದರೆ ಮೂತ್ರಪಿಂಡಗಳು ಉಪ್ಪಿನ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತವೆ. ರಕ್ತದಲ್ಲಿ ಅದು ಜಾಸ್ತಿಯಾದರೆ ಕೈ ಜೋರಾಗಿ ನಡುಗುತ್ತದೆ, ವಾಂತಿಯಾಗುತ್ತದೆ, ನಡಿಗೆ ತೂರಾಡುತ್ತದೆ. ಅದನ್ನು ನೋಡಿ ಕುಡಿದು ಬಂದಿದ್ದಾನೆ ಅಂದುಕೊಂಡರೆ ಜೀವಕ್ಕೇ ಅಪಾಯ. ಬೆಳಗಾವಿಯ ಫೌಂಡ್ರಿಯಲ್ಲೋ ಬಾಯ್ಲರ್ ಹತ್ತಿರವೋ ದುಡಿಯುವವರು ಡಾಕ್ಟರಿಗೆ ಆ ವಿಷಯ ಹೇಳಲೇಬೇಕು, ರಕ್ತ ಪರೀಕ್ಷೆ ತಪ್ಪಿಸಬಾರದು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರ ಹತ್ತಿರ ಹೋದಾಗ ಗುಳಿಗೆಯ ಚೀಟಿಯ ಜೊತೆ ಇನ್ನೊಂದು ಚೀಟಿ ಕೇಳಿ: 'ಇವರಿಗೆ ರಾತ್ರಿ ಪಾಳಿ ಬೇಡ.' ಕಾಯಿಲೆಯ ಹೆಸರು ಅದರಲ್ಲಿ ಬರೆಯಲೇಬೇಕೆಂದಿಲ್ಲ.